ಅಚ್ಚಾದ ಪ್ರಸಂಗ, ನೈರೋಬಿಯ ಮೇಜು

ನೈರೋಬಿಯಲ್ಲಿ ಶುಕ್ರವಾರ ಸಂಜೆ ವೈಯಾಕಿ ವೇ ಹೆದ್ದಾರಿಯ ವಾಹನದಟ್ಟಣೆ ದಾಟಿ ಮನೆ ಸೇರುವಷ್ಟರಲ್ಲಿ ಮನುಷ್ಯನ ಕಲ್ಪನೆ ಅರ್ಧ ಸೋರಿಹೋಗಿರುತ್ತದೆ. ಮರುದಿನ ನಾಲ್ಕೈದು ಮಂದಿ ಗೆಳೆಯರು ಮೇಜಿನ ಸುತ್ತ ಕೂತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುವುದಿದ್ದರಂತೂ ಆಟ ನಡೆಸುವ ಗೇಮ್ ಮಾಸ್ಟರನ ಪಾಡು ಕೇಳಬಾರದು. ಉಳಿದವರು ತಲಾ ಒಂದು ಪಾತ್ರ ಹೊತ್ತು ಬಂದರಾಯಿತು. ಊರು, ಕಾಡು, ಕಳ್ಳ, ಅರಸ, ದೆವ್ವ ಎಲ್ಲವೂ ಅವನೊಬ್ಬನ ತಲೆಯ ಮೇಲೆ. ಸಿದ್ಧ ಸಾಹಸಗಳ ಪುಸ್ತಕಗಳಿರುವುದು ಇಂಥವನಿಗಾಗಿಯೇ. ಆದರೂ ಹಲವರಿಗೆ ಅವನ್ನು ಬಳಸಲು ಮುಜುಗರ. ಸ್ವಂತ ಕಥೆ ಕಟ್ಟಲಾರದವನು ಎಂದಾರು ಎಂಬ ಅಳುಕು.

ಕನ್ನಡ ಕರಾವಳಿಯವರಿಗೆ ಈ ಮುಜುಗರ ಅರ್ಥವಾಗುವುದಿಲ್ಲ. ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನವಾದ ತಾಳಮದ್ದಳೆಯ ಭಾಗವತರು ಅಚ್ಚಾದ ಪ್ರಸಂಗವನ್ನು ಎದುರಿಗಿಟ್ಟುಕೊಂಡೇ ಹಾಡುತ್ತಾರೆ, ಯಾರೂ ನಗುವುದಿಲ್ಲ. ಪುಸ್ತಕದಲ್ಲಿರುವುದು ಪದ್ಯ, ಮಾತೆಲ್ಲ ಪಾತ್ರ ವಹಿಸುವ ಅರ್ಥಧಾರಿಗಳದು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ ಕೆಲವೇ ಪದ್ಯಗಳ ಆಸರೆಯಲ್ಲಿ ರಾಮನನ್ನು ಕಟಕಟೆಗೆ ತರುತ್ತಿದ್ದರು. ವಾಲಿ ಸಾಯುವುದು ಖಚಿತ. ವಾದ ಗೆದ್ದವರು ಯಾರೆಂಬುದು ಮಾತ್ರ ಆ ರಾತ್ರಿಯೇ ತೀರ್ಮಾನವಾಗಬೇಕು. ಮೇಜಿನ ಆಟದಲ್ಲಿ ಆ ಸಾವೂ ಖಚಿತವಲ್ಲ, ದಾಳ ಬೀಳಬೇಕು.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಹೊರಬಂತು. ಅದರ ಕರ್ತೃಗಳಿಬ್ಬರಲ್ಲಿ ಒಬ್ಬನಾದ ಗ್ಯಾರಿ ಗೈಗ್ಯಾಕ್ಸ್ ಬರೆದ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ ಎಂಬ ಸಿದ್ಧ ಸಾಹಸ 1980ರ ಸುಮಾರಿಗೆ ಹೊಸಬರಿಗೆಂದು ಮಾಡಿದ ಆಟದ ಪೆಟ್ಟಿಗೆಯೊಳಗೇ ಬರುತ್ತಿತ್ತು. ಗಡಿಯಲ್ಲೊಂದು ಕೋಟೆ, ಅನತಿ ದೂರದಲ್ಲಿ ರಾಕ್ಷಸ ಪಂಗಡಗಳು ತುಂಬಿದ ಗುಹೆಗಳು. ಯಾವ ಕೋಣೆಯಲ್ಲಿ ಎಷ್ಟು ಮಂದಿ, ಅವರ ತಾಕತ್ತೆಷ್ಟು, ಯಾವ ಪಂಗಡಕ್ಕೆ ಯಾವುದರೊಡನೆ ಹಗೆ ಎಂಬ ಲೆಕ್ಕವನ್ನೆಲ್ಲ ಪುಸ್ತಕವೇ ಇಟ್ಟಿದೆ. ಕೋಟೆಯ ಜನರಿಗೆ ಮಾತ್ರ ಹುದ್ದೆಯಿದೆ, ಹೆಸರಿಲ್ಲ. ಒಂದು ಗುಹೆಯನ್ನಂತೂ ಮಾಸ್ಟರೇ ತುಂಬಿಕೊಳ್ಳಲೆಂದು ಖಾಲಿ ಬಿಡಲಾಗಿದೆ. ಈಚಿನ ಇನ್ನೂರು ಪುಟ ಮೀರಿದ ದಪ್ಪ ಪುಸ್ತಕಗಳಿಗಿಂತ ನನಗೆ ಇಂಥವೇ ಮೇಲೆನಿಸುತ್ತವೆ. ಆ ದಪ್ಪ ಪುಸ್ತಕ ಹಿಡಿದ ಮಾಸ್ಟರ್ ಪರೀಕ್ಷೆಗೆಂಬಂತೆ ಓದಬೇಕು. ಇದನ್ನು ಹಿಡಿದವನು ಎದುರು ಕೂತವರ ಮುಖ ನೋಡಿ ಮಾತಾಡಬಹುದು.

ನೈರೋಬಿಯಲ್ಲಿ ಕೂತವನಿಗೆ ಯುರೋಪಿನ ಮಾದರಿಯ ಆ ಭೂಗೋಳವನ್ನು ಬದಲಿಸುವುದೂ ಸುಲಭ. ಕೋಟೆಗೆ ಪೋರ್ಚುಗೀಸರು 1593ರಲ್ಲಿ ಕಟ್ಟಲಾರಂಭಿಸಿದ ಮೊಂಬಾಸಾದ ಫೋರ್ಟ್ ಜೀಸಸ್ ಸಾಕು. ಗುಹೆಗಳಿಗೆ ರಿಫ್ಟ್ ಕಣಿವೆಯ ಸುಸ್ವಾ ಬೆಟ್ಟದ ಲಾವಾ ಸುರಂಗಗಳಿವೆ. ರಾತ್ರಿ ಬಬೂನ್‌ಗಳ ಹಿಂಡು ಅಲ್ಲೇ ಮಲಗುತ್ತದೆ, ರಾಕ್ಷಸರನ್ನು ಬೇರೆ ಹುಡುಕಬೇಕಿಲ್ಲ.

ಒಂದು ತೊಡಕು ಮಾತ್ರ ಈ ಊರಿನಲ್ಲಿ ಎದ್ದೇ ಏಳುತ್ತದೆ. ಗೈಗ್ಯಾಕ್ಸ್‌ನ ಕಥೆಯಲ್ಲಿ ಕೋಟೆಯೊಳಗೆ ನಾಗರಿಕತೆ, ಗುಹೆಯೊಳಗೆ ಕೇಡು. ನೈರೋಬಿಯ ಕರೂರಾ ಕಾಡಿನಲ್ಲೂ ಗುಹೆಗಳಿವೆ. 1950ರ ದಶಕದಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿದ ಮೌ ಮೌ ಹೋರಾಟಗಾರರು ಅಲ್ಲಿ ಅಡಗುತ್ತಿದ್ದರೆಂದು ಊರಿನವರು ಹೇಳುತ್ತಾರೆ. ಆ ಮಾತು ಕೇಳಿ ಬೆಳೆದವನೊಬ್ಬ ಮೇಜಿನ ಬಳಿ ಕೂತಿದ್ದರೆ, ಗುಹೆಯಲ್ಲಿರುವವರು ಯಾರು, ಈ ಕೋಟೆ ಯಾರ ನೆಲದ ಮೇಲಿದೆ ಎಂದು ಕೇಳದೆ ಕತ್ತಿ ಎತ್ತುವುದಿಲ್ಲ. ಕೇಳಬೇಕಾದದ್ದೇ. ಮಾಸ್ಟರ್ ಗಾಬರಿ ಬೀಳಬೇಕಿಲ್ಲ. ಆಟಗಾರರು ಗುಹೆಯವರ ಪಕ್ಷ ಸೇರಿ ಕೋಟೆಗೇ ನುಗ್ಗುತ್ತೇವೆಂದರೂ ಕೋಟೆಯ ನಕ್ಷೆ, ಕಾವಲುಗಾರರ ಸಂಖ್ಯೆ, ಒಳಗಿನ ಸಾಲ ಕೊಡುವ ಬ್ಯಾಂಕು ಸಹಿತ ಎಲ್ಲವೂ ಅದೇ ಪುಸ್ತಕದಲ್ಲಿ ಅಚ್ಚಾಗಿವೆ.