ವಾಕ್ಸ್ವಾತಂತ್ರ್ಯವೂ ಅದರ ಮೇರೆಯೂ

ಹೊಸರಿತ್ತಿಯ ವೀರಭದ್ರ ದೇವಾಲಯದ ಮುಂದೆ ಹಾಯ್ದು ಹೋಗುವಾಗಲೆಲ್ಲ ಒಂದು ವಿಚಾರವು ನನ್ನ ಮನಸ್ಸಿನಲ್ಲಿ ಏಳುವದು. 1943ನೆಯ ಇಸವಿಯ ಏಪ್ರಿಲ್ 1ರಂದು, ಅಲ್ಲಿದ್ದ ಕಂದಾಯ ವಸೂಲಿಯ ಠಾಣೆಯ ಮೇಲೆ ಏರಿಹೋದ ಮೈಲಾರ ಮಹಾದೇವಪ್ಪನವರೂ ತಿರಕಪ್ಪ ಮಡಿವಾಳರ ಅವರೂ ವೀರಯ್ಯ ಹಿರೇಮಠರೂ ಪೋಲೀಸರ ಗುಂಡಿಗೆ ಬಲಿಯಾದರು. ಅದಕ್ಕೂ ಮೊದಲು, 1942ರ ಆಗಸ್ಟಿನಲ್ಲಿಯೇ, ಸರಕಾರವು ದೇಶದ ಮುಂದಾಳುಗಳನ್ನು ಸೆರೆಯಲ್ಲಿಟ್ಟು, ಸಭೆಗಳನ್ನು ನಿಷೇಧಿಸಿ, ಪತ್ರಿಕೆಗಳ ಬಾಯಿ ಕಟ್ಟಿತ್ತು. ಆಡುವ ದಾರಿ ಮುಚ್ಚಿದ ಮೇಲೆ ಜನರ ಒಡಲುರಿಯು ಬೇರೆ ದಾರಿಯನ್ನು ಹುಡುಕಿತು. ಹೀಗೆ ರಕ್ತ ಚೆಲ್ಲಿದ ನೆಲದಲ್ಲಿ ಬಾಳುವ ನಾವು, ಆಡುವ ಸ್ವಾತಂತ್ರ್ಯವೆಂದರೇನು, ಅದರ ಮೇರೆ ಯಾವದು ಎಂಬುದನ್ನು ವಿಚಾರಿಸತಕ್ಕದ್ದು.

ನಮ್ಮ ಸಂವಿಧಾನದ 19ನೆಯ ಅನುಚ್ಛೇದವು ನಾಗರಿಕರಿಗೆಲ್ಲ ವಾಕ್ಸ್ವಾತಂತ್ರ್ಯವನ್ನು ಕೊಟ್ಟಿದೆ. ಅದರ ಎರಡನೆಯ ಖಂಡವು ಮೇರೆಯನ್ನೂ ಹೇಳಿದೆ. ರಾಷ್ಟ್ರದ ಭದ್ರತೆ, ಸಾರ್ವಜನಿಕ ಶಾಂತಿ, ಸಭ್ಯತೆ, ಪರರ ಮಾನ, ಅಪರಾಧಕ್ಕೆ ಪ್ರಚೋದನೆ ಮೊದಲಾದ ಕಾರಣಗಳಿಗಾಗಿ ಕಾಯಿದೆಯು ಮಾತನ್ನು ನಿರ್ಬಂಧಿಸಬಹುದು. ಆ ನಿರ್ಬಂಧವು ಸಮಂಜಸವಾಗಿರಬೇಕೆಂಬ ಮಾತನ್ನು 1951ರ ತಿದ್ದುಪಡಿಯು ಸೇರಿಸಿತು. ಈ ಪಟ್ಟಿಯನ್ನು ನಾನು ಹಲವು ಸಲ ಓದಿದ್ದೇನೆ. "ಕೇಳುವವನಿಗೆ ಅಪ್ರಿಯವಾದದ್ದು" ಎಂಬ ಕಾರಣವು ಅದರಲ್ಲಿ ಎಲ್ಲಿಯೂ ಇಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುವದು: "ಮಾತಿನ ಗಾಯವು ಸುಲಭದಲ್ಲಿ ಮಾಯುವದಿಲ್ಲ. ಹಿರಿಯರನ್ನೂ ದೇವರನ್ನೂ ಕುರಿತು ಬಾಯಿಗೆ ಬಂದಂತೆ ಆಡುವವನನ್ನು ತಡೆಯದಿದ್ದರೆ ಸಮಾಜವು ನಿಂತೀತೆ?" ಈ ಆಕ್ಷೇಪವು ಹುರುಳಿಲ್ಲದ್ದಲ್ಲ. ದ್ವೇಷದಿಂದ, ಬುದ್ಧಿಪೂರ್ವಕವಾಗಿ ಅನ್ಯರ ಧರ್ಮವನ್ನು ಅವಮಾನಿಸುವವನನ್ನು ಕಾಯಿದೆಯೂ ಶಿಕ್ಷಿಸುವದು. ಆದರೆ ಯಾರೋ ನೊಂದುಕೊಂಡರೆಂಬಷ್ಟಕ್ಕೇ ಮಾತನ್ನು ಅಡಗಿಸುವದಾದರೆ ನಮ್ಮ ಸೀಮೆಗೆ ಎಷ್ಟು ನಷ್ಟವಾಗುತ್ತಿತ್ತು! ತುಂಗಭದ್ರೆಯ ದಂಡೆಯ ಚೌಡದಾನಪುರದ ಅಂಬಿಗರ ಚೌಡಯ್ಯನು 12ನೆಯ ಶತಮಾನದಲ್ಲಿ ಡಾಂಭಿಕರನ್ನು ಎಷ್ಟು ನಿಷ್ಠುರವಾಗಿ ಝಂಕಿಸಿದನೆಂಬುದು ಅವನ ವಚನಗಳನ್ನು ಓದಿದವರಿಗೆ ಗೊತ್ತು. ಅವು ಇಂದಿಗೂ ಕಿವಿಗೆ ಕಹಿಯೇ. ಆದರೂ ಹಿಂದಿನವರು ಅವನ್ನು ಓಲೆಗರಿಗಳಲ್ಲಿ ಕಾಪಾಡಿದರು. ನಾವು ಮಕ್ಕಳಿಗೆ ಕಲಿಸುತ್ತೇವೆ.

ನ್ಯಾಯಶಾಸ್ತ್ರವು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸುವದು. ತತ್ತ್ವವನ್ನು ತಿಳಿಯಲೆಂದು ಆಡುವದು ವಾದ. ಗೆಲ್ಲಲೆಂದು ಆಡುವದು ಜಲ್ಪ. ತನ್ನದೊಂದು ಪಕ್ಷವನ್ನು ನಿಲ್ಲಿಸದೆ ಪರರದನ್ನು ಕೆಡಹಲೆಂದೇ ಆಡುವದು ವಿತಂಡ. ವಿತಂಡವನ್ನು ಸರಕಾರವು ತಡೆಯಲಾರದು, ತಡೆಯಲೂ ಬಾರದು. ಅದನ್ನು ತಡೆಯತಕ್ಕವನು ಆಡುವವನೇ. ಕಾಯಿದೆಯ ಮೇರೆ ಹೊರಗಿನದು, ವಿವೇಕದ ಮೇರೆ ಒಳಗಿನದು.

ನನ್ನದೇ ಒಂದು ತಪ್ಪನ್ನು ಹೇಳುವೆನು. ನಾನು ಮಾಸ್ತರನಾಗಿದ್ದಾಗ, ಸಂಸ್ಕೃತ ಪಾಠದ ನಡುವೆ ಹುಡುಗನೊಬ್ಬನು ಎದ್ದು, "ಸರ್ರ, ಈ ವಿದ್ಯಾ ಎಲ್ಲಾರದು ಅಂತೀರಿ, ಹಂಗಾದ್ರ ನಮ್ಮ ಅಜ್ಜಗ ಯಾಕ ಕಲಸಲಿಲ್ಲ?" ಎಂದು ಕೇಳಿದನು. ಉತ್ತರ ತೋಚದೆ, "ಸುಮ್ಮನ ಕೂಡ್ರು, ಅಧಿಕಪ್ರಸಂಗ ಮಾಡಬ್ಯಾಡ" ಎಂದು ಗದರಿಸಿದೆನು. ಆ ವರುಷವೆಲ್ಲ ಅವನು ಮತ್ತೆ ಬಾಯಿ ತೆರೆಯಲಿಲ್ಲ. ಅದನ್ನು ನಾನು ವಿನಯವೆಂದೇ ಭಾವಿಸಿದ್ದೆನು. ಅವನ ಸಂಶಯವು ಪರಿಹಾರವಾಗಿರಲಿಲ್ಲ, ನನ್ನ ಕಣ್ಣಿಗೆ ಮರೆಯಾಗಿತ್ತು ಅಷ್ಟೆ, ಎಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಅವನು ಯಾವ ಮೇರೆಯನ್ನೂ ಮೀರಿರಲಿಲ್ಲ, ಮೀರಿದವನು ನಾನು.

ಹಾಗಾದರೆ ಮೇರೆ ಎಲ್ಲಿದೆ? ಕೊಳ್ಳಿ ಹಿಡಿದು ನಿಂತ ಗುಂಪಿಗೆ "ಆ ಓಣಿಯನ್ನು ಸುಡಿರಿ" ಎನ್ನುವವನ ಮಾತು ಆ ಕೃತ್ಯದ ಮೊದಲನೆಯ ಹೆಜ್ಜೆಯೇ ಸರಿ. ಗೊತ್ತಿದ್ದೂ ಸುಳ್ಳಾಡಿ ಒಬ್ಬನ ಮಾನ ಕಳೆಯುವದೂ ಅಂಥದೇ. ಅಲ್ಲಿ ಎದುರುಮಾತು ಹುಟ್ಟುವಷ್ಟರಲ್ಲಿ ಹಾನಿಯು ಆಗಿಹೋಗಿರುವದು. ಉಳಿದ ಅಪ್ರಿಯ ಮಾತಿಗೆ ಮಾತೇ ಉತ್ತರ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ, ವಚನಸಾಹಿತ್ಯದ ಸಂಶೋಧಕರಾದ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಂದರು. ಅವರ ಅಭಿಪ್ರಾಯಗಳನ್ನು ಒಪ್ಪದವರು ಹಲವರಿದ್ದರು. ಬರೆದು ಖಂಡಿಸುವ ಹಾದಿಯು ಎಲ್ಲರಿಗೂ ತೆರೆದೇ ಇತ್ತು. ಪೂರ್ವಪಕ್ಷಿಯನ್ನು ಕೊಂದವನಿಗೆ ಸಿದ್ಧಾಂತವು ದೊರೆಯುವದಿಲ್ಲ.

ಇಷ್ಟು ದೊಡ್ಡ ಮಾತಿನ ಪರೀಕ್ಷೆಯು ನಮ್ಮ ಪಡಸಾಲೆಯಲ್ಲಿಯೇ ನಡೆಯುವದು. ಮಗನಾಗಲಿ ಸೊಸೆಯಾಗಲಿ ನಮಗೆ ರುಚಿಸದ ಮಾತನ್ನು ಆಡತೊಡಗಿದಾಗ, ಅದನ್ನು ಕೊನೆಯವರೆಗೆ ಕೇಳುವ ತಾಳ್ಮೆಯು ತಮಗಿದೆಯೆ ಎಂದು ವಾಚಕರು ತಮ್ಮನ್ನು ತಾವೇ ಕೇಳಿಕೊಳ್ಳಲಿ.