ಮೇಳಗಾನವೂ ಊರಿನ ಧರ್ಮವೂ

ಸಂಗೀತವು ಕೇಳುವವರ ಸುಖಕ್ಕಾಗಿ ಇರುವುದೋ, ಹಾಡುವವರ ಸಂಸ್ಕಾರಕ್ಕಾಗಿ ಇರುವುದೋ ಎಂಬ ಪ್ರಶ್ನೆ ಬಹು ಹಳೆಯದು. ವಿದ್ವಾಂಸನಾದ ಗಾಯಕನ ವಿಷಯದಲ್ಲಿ ಈ ಪ್ರಶ್ನೆಗೆ ಅವಕಾಶ ಕಡಮೆ. ಅವನಲ್ಲಿ ಎರಡು ಫಲಗಳೂ ಕೂಡಿಬರುತ್ತವೆ. ಆದರೆ ಹಗಲೆಲ್ಲ ಅಂಗಡಿಯಲ್ಲಿಯೋ ಪಾಠಶಾಲೆಯಲ್ಲಿಯೋ ದುಡಿದು, ಸಂಜೆ ಪಿಟೀಲನ್ನು ಎತ್ತಿಕೊಂಡು ಊರಿನ ಮೇಳಕ್ಕೆ ಹೋಗಿ, ಅಪಸ್ವರಕ್ಕೆ ಅಂಜುತ್ತ ನುಡಿಸುವ ಸಾಮಾನ್ಯ ಗೃಹಸ್ಥನ ವಿಷಯದಲ್ಲಿ ಪ್ರಶ್ನೆಯು ತೀಕ್ಷ್ಣವಾಗುತ್ತದೆ. ಅವನಿಗಿಂತ ನೂರು ಪಾಲು ಚೆನ್ನಾಗಿ ನುಡಿಸಬಲ್ಲವರ ವಾದನವು ಧ್ವನಿಮುದ್ರಣದ ಮೂಲಕ ಮನೆಮನೆಗೂ ದೊರೆಯುತ್ತಿರುವಾಗ ಅವನ ಶ್ರಮಕ್ಕೆ ಅರ್ಥವೇನು? ಇದನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ ಒಂದು ಊರಿನ ಚರಿತ್ರೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು. ಅದಕ್ಕೆ ತಕ್ಕ ಊರೊಂದು ಅಮೆರಿಕ ಸಂಯುಕ್ತ ಸಂಸ್ಥಾನದ ಅರಿಜೋನಾ ಪ್ರಾಂತದಲ್ಲಿದೆ. ಅದರ ಹೆಸರು ಟೂಸಾನ್.

ಟೂಸಾನ್ ಸೊನೋರಾ ಎಂಬ ಮರುಭೂಮಿಯ ನಡುವಣ ನಗರ. ವರ್ಷಕ್ಕೆ ಅಲ್ಲಿ ಬೀಳುವ ಮಳೆ ಸುಮಾರು 11 ಅಂಗುಲ. ಆ ನೆಲದ ಮೂಲನಿವಾಸಿಗಳ ನಡುವೆ ಸ್ಪೇನ್ ದೇಶದವರು 1775ರಲ್ಲಿ ಕೋಟೆಯೊಂದನ್ನು ನೆಲೆಗೊಳಿಸಿದರು. ಮುಂದೆ ಊರು ಮೆಕ್ಸಿಕೋ ದೇಶಕ್ಕೆ ಸೇರಿ, 1854ರ ಕ್ರಯಪತ್ರದಿಂದ ಅಮೆರಿಕದ ಪಾಲಾಯಿತು. 1880ರಲ್ಲಿ ರೈಲು ಬಂದ ಮೇಲೆ ನಾನಾ ದಿಕ್ಕಿನ ಜನ ಅಲ್ಲಿಗೆ ಬಂದು ನೆಲಸಿದರು. ವಾದ್ಯಗಳಿಗೆ ಇಂಥ ಹವೆಯು ಶತ್ರು. ಒಣಗಾಳಿಯಲ್ಲಿ ಪಿಟೀಲಿನ ಮರವು ತೇವವನ್ನು ಕಳೆದುಕೊಂಡು ಕುಗ್ಗುತ್ತದೆ. ಅಂಟಿಸಿದ ಸಂದುಗಳು ಬಿಡುತ್ತವೆ, ಬಿರಡೆಗಳು ಜಾರುತ್ತವೆ. ಜುಲೈ ತಿಂಗಳಿನಲ್ಲಿ ಮಳೆಗಾಲವು ತೊಡಗಿತೆಂದರೆ ಅದೇ ಮರವು ಉಬ್ಬಿ ಶ್ರುತಿಯನ್ನು ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. ಇಂತಹ ಎಡೆಯಲ್ಲಿ ಮೇಳವೊಂದು ತಾನಾಗಿ ಹುಟ್ಟುವುದಿಲ್ಲ; ಜನರು ಬೇಕೆಂದು ಹುಟ್ಟಿಸಬೇಕು, ಹುಟ್ಟಿಸಿದುದನ್ನು ದಿನದಿನವೂ ಕಾಪಾಡಬೇಕು.

ಹಾಗೆ ಹುಟ್ಟಿಸಿದವರಲ್ಲಿ ಮೊದಲಿಗರಾಗಿ ನೆನೆಯತಕ್ಕವನು ಫೆಡೆರಿಕೋ ರಾನ್‌ಸ್ಟಾಟ್. ಮೆಕ್ಸಿಕೋ ದೇಶದಲ್ಲಿ 1868ರಲ್ಲಿ ಹುಟ್ಟಿದ ಈತನು 1882ರಲ್ಲಿ ಗಾಡಿ ಕಟ್ಟುವ ಕಸಬನ್ನು ಕಲಿಯಲೆಂದು ಟೂಸಾನಿಗೆ ಬಂದನು. ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಬಿಗಿಯುವುದು ಹಗಲಿನ ಕೆಲಸ. ನೆರೆಹೊರೆಯ ಮೆಕ್ಸಿಕನ್ ಯುವಕರನ್ನು ಕೂಡಿಸಿ ವಾದ್ಯಗಳನ್ನು ಕಲಿಸುವುದು ಬಿಡುವಿನ ಕೆಲಸ. ಹೀಗೆ 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ‘ಕ್ಲೂಬ್ ಫಿಲಾರ್ಮೋನಿಕೋ’ ಎಂಬ ವಾದ್ಯಗೋಷ್ಠಿಯು ಸಿದ್ಧವಾಯಿತು. ಅನಂತರ 1907ರಲ್ಲಿ ಊರಿನ ಸ್ತ್ರೀಯರು ‘ಶನಿವಾರ ಬೆಳಗಿನ ಸಂಗೀತ ಸಂಘ’ವನ್ನು ಸ್ಥಾಪಿಸಿದರು. ಮನೆಗಳಲ್ಲಿ ಸೇರಿ ಹಾಡಿಕೊಳ್ಳುತ್ತಿದ್ದ ಈ ಗೃಹಿಣಿಯರ ಹಟದ ಫಲವಾಗಿ 1927ರಲ್ಲಿ ಸಂಗೀತಕ್ಕೂ ಕಲೆಗೂ ಮೀಸಲಾದ ಮಂದಿರವೊಂದು ಎದ್ದು ನಿಂತಿತು.

ಇಷ್ಟರಲ್ಲಿ ಆ ಊರಿಗೆ ಇನ್ನೊಂದು ಬಗೆಯ ಜನರು ಬರತೊಡಗಿದ್ದರು. ಅವರು ಕ್ಷಯರೋಗಿಗಳು. ರೋಗದ ಕ್ರಿಮಿಯನ್ನು ಕಾಖ್ ಎಂಬ ಜರ್ಮನ್ ವೈದ್ಯನು 1882ರಲ್ಲಿಯೇ ಕಂಡುಹಿಡಿದಿದ್ದರೂ, ಅದನ್ನು ಕೊಲ್ಲಬಲ್ಲ ಸ್ಟ್ರೆಪ್ಟೊಮೈಸಿನ್ ಔಷಧವು ಕೈಗೆ ಬಂದುದು 1940ರ ದಶಕದಲ್ಲಿ. ಅಲ್ಲಿಯವರೆಗೆ ವಿಶ್ರಾಂತಿ, ಪುಷ್ಟಿಯಾದ ಆಹಾರ, ಬಿಸಿಲು, ಒಣಗಾಳಿ ಇವಿಷ್ಟೇ ಮದ್ದು. ಆದುದರಿಂದ ಸಾವಿರಾರು ಮಂದಿ ಮರುಭೂಮಿಯ ಕಡೆಗೆ ಹೊರಟರು. ಹಣವುಳ್ಳವರು ಆರೋಗ್ಯಧಾಮಗಳಲ್ಲಿ ತಂಗಿದರು. ಇಲ್ಲದವರು ಊರಂಚಿನಲ್ಲಿ ಡೇರೆಗಳನ್ನು ಹಾಕಿಕೊಂಡು, ಇರುಳೆಲ್ಲ ಕೆಮ್ಮುತ್ತ ದಿನವನ್ನೆಣಿಸಿದರು. ಪಿಟೀಲಿನ ಮರವನ್ನು ಸೀಳುವ ಅದೇ ಗಾಳಿಯು ಮನುಷ್ಯನ ಶ್ವಾಸಕ್ಕೆ ಸಂಜೀವಿನಿಯೆಂಬ ನಂಬಿಕೆ ಅವರನ್ನು ಅಲ್ಲಿಗೆ ಎಳೆದಿತ್ತು.

ಹಾಗೆ 1923ರಲ್ಲಿ ಬಂದವರಲ್ಲಿ ಕಾಮಿಲ್ ವಾನ್ ಹುಲ್ಸೆ ಎಂಬ ಬೆಲ್ಜಿಯಂ ದೇಶದವನೊಬ್ಬನು. ಇವನು ಆರ್ಗನ್ ವಾದಕ, ಸಂಗೀತ ರಚಯಿತ. ಬದುಕಿದರೆ ಸಾಕೆಂದು ಬಂದವನು ಬದುಕಿ ಸುಮ್ಮನಿರಲಿಲ್ಲ. 1929ರ ಜನವರಿಯಲ್ಲಿ ಟೂಸಾನಿನ ಹೈಸ್ಕೂಲಿನ ಸಭಾಂಗಣದಲ್ಲಿ ನಗರದ ವಾದ್ಯಮೇಳವು ಮೊತ್ತಮೊದಲು ನುಡಿಸಿದಾಗ ಅದನ್ನು ನಡೆಯಿಸಿದವನು ಈತನೇ. ಊರಿನ ಜನಸಂಖ್ಯೆ ಆಗ ಸುಮಾರು 32 ಸಾವಿರ. ಹತ್ತು ವರ್ಷಗಳ ತರುವಾಯ, 1939ರಲ್ಲಿ, ಇದೇ ರೋಗದ ಉಪಶಮನಕ್ಕಾಗಿ ಬಂದಿದ್ದ ಎಡ್ವಾರ್ಡೋ ಕಾಸೋ ಎಂಬ ಇಂಗ್ಲೆಂಡಿನ ಗಾಯಕನು ಊರಿನ ಹುಡುಗರನ್ನು ನೆರೆಯಿಸಿ ಗಾಯಕವೃಂದವೊಂದನ್ನು ಕಟ್ಟಿದನು. ಆ ವೃಂದವು ಇಂದಿಗೂ ಹಾಡುತ್ತಿದೆ. ಉಸಿರನ್ನು ಕಳೆದುಕೊಳ್ಳುವ ಭಯದಿಂದ ಬಂದವನು ಊರಿನ ಮಕ್ಕಳಿಗೆ ಉಸಿರನ್ನು ಹಿಡಿಯುವ ಬಿಡುವ ವಿದ್ಯೆಯನ್ನು ಹೇಳಿಕೊಟ್ಟನೆಂಬುದು ಸಾಮಾನ್ಯ ಸಂಗತಿಯಲ್ಲ.

ಇನ್ನು ಮೊದಲಿನ ಪ್ರಶ್ನೆ. 1925ರಿಂದ ಧ್ವನಿಮುದ್ರಣದಲ್ಲಿ ವಿದ್ಯುತ್ತನ್ನು ಬಳಸತೊಡಗಿದ ಮೇಲೆ, ಉತ್ತಮ ಮೇಳಗಳ ವಾದನವನ್ನು ಮನೆಯಲ್ಲಿಯೇ ಕೇಳುವುದು ಸುಲಭವಾಗಿತ್ತು. ಕೇಳುವ ಸುಖವೊಂದೇ ಸಂಗೀತದ ಗುರಿಯಾಗಿದ್ದ ಪಕ್ಷದಲ್ಲಿ, 1929ರಲ್ಲಿ ಸಣ್ಣ ಊರೊಂದು ತನ್ನದೇ ಮೇಳವನ್ನು ಕಟ್ಟಿದುದು ವ್ಯರ್ಥಶ್ರಮವೆನ್ನಬೇಕು. ಆದರೆ ಲೋಕದಲ್ಲಿ ಒಳ್ಳೆಯವು ಎರಡು ತೆರ. ಬಟ್ಟೆಯನ್ನು ಯಾರು ನೇಯ್ದರೂ ಅದು ಉಟ್ಟವನ ಮೈಯನ್ನು ಮುಚ್ಚುತ್ತದೆ. ಇದು ಒಂದು ತೆರ. ವ್ಯಾಯಾಮವನ್ನು ಒಬ್ಬನು ಮಾಡಿದರೆ ಇನ್ನೊಬ್ಬನ ತೋಳು ಬಲಿಯುವುದಿಲ್ಲ. ಸ್ನೇಹವನ್ನು ಬದಲಿಯವರಿಂದ ನಡೆಯಿಸಲಾಗದು. ಇದು ಇನ್ನೊಂದು ತೆರ. ಸಂಗೀತವು ಈ ಎರಡು ತೆರಕ್ಕೂ ಸೇರಿದುದು. ಯಂತ್ರವು ಮೊದಲನೆಯದನ್ನು ಧಾರಾಳವಾಗಿ ಕೊಡಬಲ್ಲುದು. ಎರಡನೆಯದನ್ನು ಕೊಡುವುದು ಅದರ ಶಕ್ತಿಗೆ ಮೀರಿದುದು.

ಆ ಎರಡನೆಯ ಫಲವು ಯಾವುದೆಂಬುದು ವೃಂದಗಾನದ ರೀತಿಯನ್ನು ನೋಡಿದರೆ ತಿಳಿಯುತ್ತದೆ. ಭಾರತೀಯ ಸಂಗೀತದಲ್ಲಿ ಹಲವರು ಕೂಡಿ ಹಾಡಿದಾಗ ಸಾಮಾನ್ಯವಾಗಿ ಎಲ್ಲರೂ ಒಂದೇ ಸ್ವರಪಂಕ್ತಿಯನ್ನು ಹಿಡಿಯುತ್ತಾರೆ. ಪಾಶ್ಚಾತ್ಯ ವೃಂದದಲ್ಲಿ ತಾರ ಮಂದ್ರ ಭೇದದಿಂದ ನಾಲ್ಕು ಪಂಗಡಗಳು ನಾಲ್ಕು ಬೇರೆ ಸ್ವರಪಂಕ್ತಿಗಳನ್ನು ಒಂದೇ ಕಾಲದಲ್ಲಿ ಹಾಡುವುದುಂಟು. ಪ್ರತಿಯೊಬ್ಬನೂ ತನ್ನ ಪಂಕ್ತಿಯನ್ನು ಬಿಡದೆ, ಉಳಿದ ಮೂರಕ್ಕೆ ಕಿವಿಗೊಟ್ಟಿರಬೇಕು. ತನ್ನ ದನಿಯೇ ಮೇಲೆ ಕೇಳಿಸಲಿ ಎಂದವನು ಮೇಳವನ್ನು ಕೆಡಿಸುತ್ತಾನೆ. ಅಂಜಿ ಬಾಯಿ ಮುಚ್ಚಿದವನೂ ಕೆಡಿಸುತ್ತಾನೆ. ದೀರ್ಘವಾದ ಸ್ವರವೊಂದನ್ನು ಒಬ್ಬನ ಉಸಿರು ಪೂರೈಸಲಾರದಾಗ ಗಾಯಕರು ಸರದಿಯ ಮೇಲೆ ಉಸಿರನ್ನು ಎಳೆದುಕೊಳ್ಳುತ್ತಾರೆ. ಒಬ್ಬನು ನಿಲ್ಲಿಸಿದ ಕ್ಷಣದಲ್ಲಿ ನೆರೆಯವನು ಸ್ವರವನ್ನು ಹೊತ್ತಿರುತ್ತಾನೆ. ಕೇಳುವವರಿಗೆ ಸ್ವರವು ಎಲ್ಲಿಯೂ ಕಡಿಯುವುದಿಲ್ಲ. ಯಾರ ಉಸಿರು ಎಲ್ಲಿ ಸೋತಿತೆಂಬುದು ತಿಳಿಯುವುದೂ ಇಲ್ಲ. ಸಮಾಜವೆಂದರೆ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದುರ್ಲಭ. ಕ್ಷಯರೋಗಿಗಳ ಊರಿನಲ್ಲಿ ಈ ನಿದರ್ಶನವು ಬರಿಯ ಉಪಮೆಯಾಗಿ ಉಳಿಯಲಿಲ್ಲ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ವಿಚಾರವು ಪಕ್ಷಪಾತವಾದೀತು. ಸಂಗೀತವು ಮನಸ್ಸನ್ನು ಸಂಸ್ಕರಿಸುವುದಾದರೆ, ಸಂಗೀತವುಳ್ಳ ಊರು ನ್ಯಾಯವುಳ್ಳ ಊರಾಗಬೇಕಲ್ಲವೇ? 1960ರ ದಶಕದ ಕೊನೆಯಲ್ಲಿ ಟೂಸಾನಿನ ಆಡಳಿತವು ನಗರ ನವೀಕರಣವೆಂಬ ಹೆಸರಿನಿಂದ ಊರಿನ ನಡುವಣ ಹಳೆಯ ಮೊಹಲ್ಲೆಗಳನ್ನು, ಸುಮಾರು 80 ಎಕರೆಯಷ್ಟನ್ನು, ನೆಲಸಮ ಮಾಡಿತು. ಅಲ್ಲಿದ್ದ ಮಣ್ಣಿನಿಟ್ಟಿಗೆಯ ಮನೆಗಳಲ್ಲಿ ಬಾಳುತ್ತಿದ್ದವರು ಹೆಚ್ಚಾಗಿ ಮೆಕ್ಸಿಕನ್ ಮೂಲದವರು; ಅವರೊಡನೆ ಚೀಣೀಯರೂ ಆಫ್ರಿಕನ್ ಮೂಲದವರೂ ಇದ್ದರು. ಆ ನೆಲದ ಮೇಲೆ ಎದ್ದ ಸಭಾಭವನದ ಅಂಗವಾಗಿ 1971ರಲ್ಲಿ ಭವ್ಯವಾದ ಸಂಗೀತಶಾಲೆಯೊಂದು ತೆರೆಯಿತು. ನಗರದ ವಾದ್ಯಮೇಳವು ಅಲ್ಲಿ ನುಡಿಸತೊಡಗಿತು. ಊರಿಗೆ ಮೇಳದ ರುಚಿಯನ್ನು ಹತ್ತಿಸಿದ ಜನರ ಮನೆಗಳನ್ನೇ ಕೆಡವಿ ಮೇಳಕ್ಕೆ ಮನೆ ಕಟ್ಟಿದಂತಾಯಿತು.

ಇದಕ್ಕೆ ಸಮಾಧಾನವನ್ನು ಹೇಳುವುದು ಸುಲಭವಲ್ಲ, ಹೇಳದಿರುವುದೇ ಮೇಲು. ಶ್ರುತಿಗೂಡಿ ನುಡಿಸಿದ ಮಾತ್ರಕ್ಕೆ ಜನರು ಶ್ರುತಿಗೂಡಿ ಬಾಳುವುದಿಲ್ಲ. ಎರಡು ಗಂಟೆಗಳ ಕಾಲ ನೆರೆಯವನ ಸ್ವರಕ್ಕೆ ಕಿವಿಗೊಟ್ಟವನು ಬಾಗಿಲಿನಾಚೆ ಅವನ ಗೋಳಿಗೆ ಕಿವುಡನಾಗಬಹುದು. ಆದರೆ ಅಂಥವನು ಅರಿಯದೆ ತಪ್ಪಿದವನಲ್ಲ, ಅರಿತು ತಪ್ಪಿದವನು. ಕಿವಿಗೊಡುವುದೆಂದರೇನೆಂದು ಮೇಳವು ಅವನಿಗೆ ಕಲಿಸಿತ್ತು. ಹೀಗೆ ಮೇಳವು ಊರನ್ನು ಉದ್ಧರಿಸುವ ಮಂತ್ರವಲ್ಲ, ಊರನ್ನು ಅಳೆಯುವ ಅಳತೆಗೋಲು. ಅಳತೆಗೋಲಿನಿಂದ ಬಟ್ಟೆಯು ಉದ್ದವಾಗದು. ಆದರೆ ಕೊರತೆ ಎಷ್ಟೆಂಬುದು ಅದಿಲ್ಲದೆ ಗೊತ್ತಾಗದು.

2022ರಲ್ಲಿ ಆ ಸಂಗೀತಶಾಲೆಗೆ ಲಿಂಡಾ ರಾನ್‌ಸ್ಟಾಟ್ ಎಂಬ ಪ್ರಸಿದ್ಧ ಗಾಯಕಿಯ ಹೆಸರನ್ನಿಟ್ಟರು. ಆಕೆ ಗಾಡಿ ಕಟ್ಟುತ್ತಿದ್ದ ಫೆಡೆರಿಕೋವಿನ ಮೊಮ್ಮಗಳು. ಅಷ್ಟು ಹೊತ್ತಿಗೆ ವ್ಯಾಧಿಯು ಆಕೆಯ ಹಾಡುವ ಶಕ್ತಿಯನ್ನು ಅಪಹರಿಸಿತ್ತು. ಹೆಸರಿಟ್ಟುದರಿಂದ ಕೆಡವಿದ ಮನೆಗಳು ಮರಳಿ ಬರಲಿಲ್ಲ. ಆದರೂ ಕಡಿದುಹೋಗಿದ್ದ ಸ್ವರವೊಂದು ಎಲ್ಲಿಂದ ಹೊರಟಿತ್ತೆಂಬುದನ್ನು ಊರು ಬಹಿರಂಗವಾಗಿ ಒಪ್ಪಿಕೊಂಡಂತಾಯಿತು.

1929ರ ಮೇಳವು ಕ್ರಮೇಣ ವೃತ್ತಿಗಾರರ ಮೇಳವಾಯಿತು. ಹಾಗಾದ ಮೇಲೂ ಸಂಬಳವಿಲ್ಲದೆ ನುಡಿಸುವ ಆಸೆ ಊರಿನಲ್ಲಿ ಅಡಗಲಿಲ್ಲ. 1979ರಲ್ಲಿ ಸ್ವಯಂಸೇವಕರದೇ ಆದ ಇನ್ನೊಂದು ಮೇಳವು ಹುಟ್ಟಿತು. ಅಲ್ಲಿನ ಪಿಟೀಲುಗಾರರು ವಾದ್ಯದೊಳಗೆ ತೇವವನ್ನು ಹಿಡಿದಿಡುವ ಸಣ್ಣ ಕೊಳವೆಯನ್ನು ಇರಿಸಿಕೊಳ್ಳುವುದುಂಟು. ಆದರೂ ನಿನ್ನೆ ಸರಿಮಾಡಿದ ಶ್ರುತಿ ಇಂದು ನಿಂತಿರುವುದಿಲ್ಲ. ಇದಕ್ಕಾಗಿ ಯಾರೂ ವಾದ್ಯವನ್ನು ಎಸೆಯುವುದಿಲ್ಲ, ನಿನ್ನೆಯ ಶ್ರುತಿಯೇ ಸಾಕೆಂದು ಹಟ ಹಿಡಿಯುವುದೂ ಇಲ್ಲ. ಕುಳಿತೊಡನೆ ಬಿರಡೆಗೆ ಕೈಯಿಡುತ್ತಾರೆ, ಮೊದಲು ನೆರೆಯವನ ಸ್ವರವನ್ನು ಕೇಳುತ್ತಾರೆ, ಆಮೇಲೆ ತಮ್ಮದನ್ನು ತಿದ್ದಿಕೊಳ್ಳುತ್ತಾರೆ.