ತರಕಾರಿ ತಂದುಕೊಟ್ಟವರು

ನಿಮ್ಮ ಗೆಳೆಯ ನಿಮ್ಮ ಮನೇಲಿ ಅಡಗಿದ್ದಾನೆ. ಅವನನ್ನು ಕೊಲ್ಲೋಕೆ ಬಂದವನು ಬಾಗಿಲಲ್ಲಿ ನಿಂತು 'ಒಳಗಿದ್ದಾನಾ?' ಅಂತ ಕೇಳ್ತಾನೆ. ಆಗಲೂ ಸುಳ್ಳು ಹೇಳಕೂಡದು ಅಂತ ತತ್ವಜ್ಞಾನಿ ಕಾಂಟ್ 1797ರಲ್ಲಿ ವಾದಿಸಿದ. ಮಹಾಭಾರತದ ಕೃಷ್ಣ ಇದನ್ನು ಒಪ್ಪೋದಿಲ್ಲ. ದರೋಡೆಕೋರರಿಗೆ ಜನ ಓಡಿಹೋದ ದಾರಿ ತೋರಿಸಿ, ನಿಜ ಹೇಳಿದ್ದಕ್ಕೇ ನರಕಕ್ಕೆ ಹೋದ ಕೌಶಿಕನ ಕಥೆಯನ್ನು ಅವನು ಅರ್ಜುನನಿಗೆ ಹೇಳ್ತಾನೆ.

ನಾನು ಕೃಷ್ಣನ ಪಕ್ಷ. ಆದರೆ ಸುಳ್ಳು ಹೇಳಬಹುದು ಅಂತ ಒಪ್ಪಿಕೊಂಡರೆ ಪ್ರಶ್ನೆ ಮುಗೀತಾ? ಆಮ್‌ಸ್ಟರ್‌ಡ್ಯಾಮಿನ ಒಂದು ಆಫೀಸಿನ ಕಥೆ ನೋಡಿದರೆ, ನಿಜವಾದ ಪ್ರಶ್ನೆ ಅಲ್ಲಿಂದಲೇ ಶುರು ಅನ್ಸುತ್ತೆ.

ನಾಜಿಗಳ ವಶದಲ್ಲಿದ್ದ ಆ ಊರಿನಲ್ಲಿ, 1942ರ ಜುಲೈನಲ್ಲಿ, ಒಟ್ಟೊ ಫ್ರಾಂಕ್ ಹೆಂಡತಿ ಮಕ್ಕಳೊಂದಿಗೆ ತಮ್ಮ ಕಂಪನಿಯ ಹಿಂಬದಿಯ ಕಟ್ಟಡದಲ್ಲಿ ಅಡಗಿದರು. ಆಮೇಲೆ ಇನ್ನೂ ನಾಲ್ವರು ಯಹೂದಿಗಳು ಸೇರಿಕೊಂಡರು. ಅವರನ್ನು ಕಾಪಾಡಿದ್ದು ಅದೇ ಆಫೀಸಿನ ಸಿಬ್ಬಂದಿ: ಮೀಪ್ ಗೀಸ್, ಬೆಪ್, ಕುಗ್ಲರ್, ಕ್ಲೈಮನ್. ಜಾಮ್ ಮಾಡಲು ಬಳಸುವ ಪೆಕ್ಟಿನ್ ಮಾರುತ್ತಿದ್ದ ಕಂಪನಿ ಅದು. ನಮ್ಮ ನಿಮ್ಮಂತೆ ಲೆಕ್ಕಪತ್ರ, ಫೋನು, ಟೈಪಿಂಗ್ ನೋಡಿಕೊಳ್ಳುತ್ತಿದ್ದ ಜನ.

25 ತಿಂಗಳು ಅವರು ಮಾಡಿದ್ದೇನು? ಮೀಪ್ ಗಂಡ ಯಾನ್ ಕಳ್ಳದಾರಿಯಲ್ಲಿ ರೇಷನ್ ಕಾರ್ಡ್ ಹೊಂದಿಸುತ್ತಿದ್ದರು. ಮೀಪ್ ತರಕಾರಿ ಹೊತ್ತು ತರುತ್ತಿದ್ದರು, ಬೆಪ್ ಹಾಲು ತಲುಪಿಸುತ್ತಿದ್ದರು. ಕುಗ್ಲರ್ ಸೋಮವಾರ ಪುಟ್ಟ ಆನ್‌ಗೆ ಸಿನಿಮಾ ಪತ್ರಿಕೆ ತರುತ್ತಿದ್ದರು. ಕೆಳಗಿನ ಗೋದಾಮಿನ ಕೆಲಸಗಾರರಿಗೆ ಏನೂ ಗೊತ್ತಾಗದ ಹಾಗೆ ಮುಖ ಮಾಮೂಲಾಗಿ ಇಟ್ಟುಕೊಳ್ಳಬೇಕಿತ್ತು. ಕಾಂಟ್ ಹೇಳಿದ ಬಾಗಿಲಿನಲ್ಲಿ ಒಂದೇ ಒಂದು ಸುಳ್ಳು ಸಾಕು. ಇಲ್ಲಿ ದಿನಾ ಬೇಕಿತ್ತು, ಜೊತೆಗೆ ಎಂಟು ಜನರ ಅಡುಗೆಗೆ ಸಾಮಾನೂ.

1944ರ ಆಗಸ್ಟ್ 4ರಂದು ಪೊಲೀಸರು ಬಂದಾಗ ಯಾವ ಸುಳ್ಳೂ ಉಪಯೋಗಕ್ಕೆ ಬರಲಿಲ್ಲ. ಕುಗ್ಲರ್, ಕ್ಲೈಮನ್ ಕೂಡ ಸೆರೆಯಾದರು. ಲಂಚ ಕೊಟ್ಟಾದರೂ ಬಿಡಿಸೋಣ ಅಂತ ಮೀಪ್ ಪೊಲೀಸ್ ಕಚೇರಿಗೇ ಹೋಗಿ ಬರಿಗೈಲಿ ವಾಪಸ್ಸಾದರು. ಎಂಟು ಜನರಲ್ಲಿ ಯುದ್ಧ ಮುಗಿದ ಮೇಲೆ ಉಳಿದವರು ಒಟ್ಟೊ ಒಬ್ಬರೇ.

ಫಲಿತಾಂಶ ನೋಡಿ ಮಾರ್ಕ್ಸ್ ಕೊಡೋ ನಮ್ಮ ಲೆಕ್ಕದಲ್ಲಿ ಇದು ಫೇಲ್. ಆದರೆ ಆ 25 ತಿಂಗಳು ಎಂಟು ಜನ ಉಂಡರು, ಓದಿದರು, ಜಗಳವಾಡಿದರು, ಮನುಷ್ಯರಾಗಿ ಬದುಕಿದರು. ಕೊನೆಗೆ ಏನಾಯಿತು ಅನ್ನೋದು ಆ ದಿನಗಳನ್ನು ಅಳಿಸೋದಿಲ್ಲ.

'ಆ ಕಾಲದಲ್ಲಿ ನಾನಿದ್ದಿದ್ದರೆ ಬಾಗಿಲು ತೆಗೀತಿದ್ದೆನಾ?' ಅಂತ ನಾವು ಕೇಳಿಕೊಳ್ತೀವಿ. ಸುಲಭದ ಪ್ರಶ್ನೆ ಬಿಡಿ. ಒಂದು ರಾತ್ರಿಯ ಧೈರ್ಯವನ್ನು ಕಲ್ಪಿಸಿಕೊಳ್ಳೋಕೆ ಖರ್ಚಿಲ್ಲ. ಬಾಗಿಲು ತೆಗೆದ ಮೇಲೆ ನೂರನೇ ವಾರವೂ, ಸುಸ್ತಾಗಿದ್ದರೂ, ಭಯವಾದರೂ, ಯಾರ ಚಪ್ಪಾಳೆಯೂ ಇಲ್ಲದೆ ತರಕಾರಿ ತರ್ತಿದ್ದೆನಾ? ಇದಕ್ಕೆ ಉತ್ತರ ಹೇಳೋಕೆ ನನಗೆ ಕಷ್ಟ. ನಮ್ಮ ದಿನಗಳಲ್ಲಿ ಆ ಅಪಾಯ ಇಲ್ಲ, ಹೋಲಿಸೋದೂ ತಪ್ಪು. ಆದರೂ ಒಬ್ಬರ ಕಷ್ಟಕ್ಕೆ ಮೊದಲ ವಾರ ಓಡಿಹೋಗಿ, ಮೂರನೇ ವಾರ ಫೋನ್ ಎತ್ತದಿರುವ ಅಭ್ಯಾಸ ನಮಗೆಲ್ಲ ಗೊತ್ತು.

ಮೀಪ್ 2010ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಹೀರೋ ಅನ್ನಿಸಿಕೊಳ್ಳೋಕೆ ಅವರು ಕೊನೆವರೆಗೂ ಒಪ್ಪಲಿಲ್ಲ. ನೆರವಾಗೋಕೆ ವಿಶೇಷ ಮನುಷ್ಯರೇ ಬೇಕು ಅಂತ ಜನ ನಂಬಿಬಿಟ್ಟರೆ, ನೆರವಾಗುವವರೇ ಸಿಗೋದಿಲ್ಲ ಅನ್ನೋದು ಅವರ ಆತಂಕ. ಅವರಿಗೊಂದು ದೊಡ್ಡ ನಮಸ್ಕಾರ ಹಾಕಿ ಕೈತೊಳೆದುಕೊಳ್ಳೋಕೆ ಆ ಮಾತು ನನ್ನನ್ನು ಬಿಡೋದಿಲ್ಲ.